ಶಿಕ್ಷಣ ಶುರುವಾಗುವುದು ತೊಟ್ಟಿಲಲ್ಲಿ: ಕೂಸಿನ ಮೊದಲ ಆರು ತಿಂಗಳು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಮಕ್ಕಳ ಅರ್ಜಿ ನಮ್ಮ ಕೈಗೆ ಬರುವುದು ಅವರು ಶಾಲೆ ಸೇರಿದ ಮೇಲೆ. ಆದರೆ ಮಗು ಪಾಠದಲ್ಲಿ ಹಿಂದೆ ಬೀಳಲು ಕೆಲವೊಮ್ಮೆ ಕಿವಿಯ ಅಥವಾ ಕಣ್ಣಿನ ತೊಂದರೆ ಕಾರಣವಾಗಿರುತ್ತದೆ. ಅದರ ಸುಳಿವು ಎಷ್ಟೋ ಸಲ ತೊಟ್ಟಿಲಲ್ಲಿರುವಾಗಲೇ ಸಿಗುತ್ತದೆ. ಆದ್ದರಿಂದ ಈ ವರದಿಯಲ್ಲಿ ಕೂಸಿನ ಬೆಳವಣಿಗೆಯ ಬಗ್ಗೆ ನಾಲ್ಕು ಮಾತು ಸೇರಿಸಿದ್ದೇವೆ.

ಎರಡು ತಿಂಗಳಾಗುವಷ್ಟರಲ್ಲಿ ಕೂಸು ನಿಮ್ಮ ಮುಖ ನೋಡುತ್ತದೆ, ಮಾತಾಡಿಸಿದರೆ ನಗುತ್ತದೆ, ದೊಡ್ಡ ಸಪ್ಪಳಕ್ಕೆ ಬೆಚ್ಚುತ್ತದೆ. ಬೋರಲು ಮಲಗಿಸಿದರೆ ತಲೆ ಸ್ವಲ್ಪ ಎತ್ತುತ್ತದೆ.

ನಾಲ್ಕು ತಿಂಗಳಿಗೆ ಗೋಣು ನಿಲ್ಲುತ್ತದೆ. ಕೈ ಬಾಯಿಗೆ ಹೋಗುತ್ತದೆ, 'ಆ', 'ಊ' ಎಂದು ದನಿ ಮಾಡುತ್ತದೆ, ಅಮ್ಮಿಯ ದನಿ ಬಂದ ಕಡೆ ತಿರುಗುತ್ತದೆ.

ಆರು ತಿಂಗಳಿಗೆ ಹೊರಳುತ್ತದೆ, ಬೇಕಾದ ವಸ್ತುವಿಗೆ ಕೈ ಚಾಚುತ್ತದೆ, ಮನೆಯವರನ್ನು ಗುರುತಿಸಿ ಜೋರಾಗಿ ನಗುತ್ತದೆ.

ಇದು ಪರೀಕ್ಷೆಯಲ್ಲ. ಪಕ್ಕದ ಮನೆಯ ಕೂಸಿನ ಜೊತೆ ಹೋಲಿಸಬೇಡಿ. ಒಂದೆರಡು ವಾರ ಹಿಂದೆ ಮುಂದೆ ಆಗುವುದು ಸಹಜ. ದಿನ ತುಂಬದೆ ಹುಟ್ಟಿದ ಕೂಸಿನ ವಯಸ್ಸನ್ನು ಡಾಕ್ಟರು ಕೊಟ್ಟಿದ್ದ ಹೆರಿಗೆಯ ದಿನಾಂಕದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ, ನಾಲ್ಕು ತಿಂಗಳ ಕೂಸಿನಲ್ಲಿ ಎರಡು ತಿಂಗಳ ಕೂಸಿನ ಗುಣ ಕಂಡರೆ ಸಾಕು.

ಆದರೆ ಕೆಲವು ಗುರುತು ಕಂಡರೆ ಕಾಯಬಾರದು: ಸಪ್ಪಳಕ್ಕೆ ಅಲುಗಾಡದಿರುವುದು, ಕಣ್ಣು ಯಾವುದನ್ನೂ ಹಿಂಬಾಲಿಸದಿರುವುದು, ನಾಲ್ಕು ತಿಂಗಳು ದಾಟಿದರೂ ಗೋಣು ನಿಲ್ಲದಿರುವುದು, ಮೈ ತೀರಾ ಸಡಿಲ ಅಥವಾ ತೀರಾ ಬಿಗಿಯಾಗಿರುವುದು, ಮಾಡುತ್ತಿದ್ದುದನ್ನು ಬಿಟ್ಟುಬಿಡುವುದು. "ಇವನ ಅಬ್ಬಾನೂ ಎಲ್ಲದಕ್ಕೂ ತಡ ಮಾಡಿದವನೇ" ಎಂದು ದಾದಿ ಸಮಾಧಾನ ಹೇಳುತ್ತಾರೆ. ಅದು ಪ್ರೀತಿಯ ಮಾತು, ಆದರೆ ಕಿವಿಯ ವಿಷಯದಲ್ಲಿ ಕಾದಷ್ಟೂ ನಷ್ಟ. ಒಂದು ತಿಂಗಳೊಳಗೆ ಕಿವಿ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬುದು ತಜ್ಞರ ಲೆಕ್ಕ. ಕೇಳದ ಮಗು ಮಾತು ಕಲಿಯುವುದು ಕಷ್ಟ, ಮಾತಿಲ್ಲದೆ ಪಾಠವೂ ಕಷ್ಟ. ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳುವ ನಾವು, ಆ ಕಿವಿಗೆ ಕೇಳಿಸುತ್ತಿದೆಯೇ ಎಂದೂ ನೋಡಬೇಕಲ್ಲವೇ?

ಯಾರನ್ನು ಕೇಳಬೇಕು? ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. 6, 10, 14ನೇ ವಾರದಲ್ಲಿ ಲಸಿಕೆ ಹಾಕಿಸಲು ಹೋಗುತ್ತೀರಿ. ಆಗ ತಾಯಿ ಕಾರ್ಡ್ ಜೊತೆಗೆ ನಿಮ್ಮ ಸಂಶಯವನ್ನೂ ಒಯ್ಯಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಉಚಿತ. ಅಗತ್ಯವಿದ್ದರೆ ಮುಂದಿನ ಆಸ್ಪತ್ರೆಗೆ ಅವರೇ ಚೀಟಿ ಕೊಡುತ್ತಾರೆ.

ಮನೆಯಲ್ಲಿ ಮಾಡಬೇಕಾದುದಕ್ಕೆ ದುಡ್ಡು ಬೇಡ. ಉರ್ದುವೋ ಕನ್ನಡವೋ, ಕೂಸಿನೊಡನೆ ಮಾತಾಡಿ. ಮೊಬೈಲ್ ಆ ಕೆಲಸ ಮಾಡದು. ಎಚ್ಚರವಿದ್ದಾಗ ಎದುರಿಗೆ ಕುಳಿತು ಸ್ವಲ್ಪ ಹೊತ್ತು ಬೋರಲು ಹಾಕಿ, ನಿದ್ದೆಗೆ ಅಂಗಾತ ಮಲಗಿಸಿ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ. ಸುರ್ಮಾದಲ್ಲಿ ಮಿದುಳಿಗೆ ಕೆಡುಕಾದ ಸೀಸ ಇರಬಹುದು, ಹಚ್ಚಬೇಡಿ.

ದಾನಿಗಳಲ್ಲಿ ಒಂದು ಮಾತು. ತಪಾಸಣೆ ಉಚಿತವಾದರೂ ರಾಮದುರ್ಗದ ಹಳ್ಳಿಯಿಂದ ಬೆಳಗಾವಿಗೆ ಹೋಗಿಬರಲು ಬಸ್ ಚಾರ್ಜು ಬೇಕು, ಒಂದು ದಿನದ ಕೂಲಿ ತಪ್ಪುತ್ತದೆ. ಎಷ್ಟೋ ಕೂಸುಗಳ ಪರೀಕ್ಷೆ ನಿಲ್ಲುವುದು ಅಲ್ಲಿಯೇ. ಆ ಖರ್ಚಿಗೂ ನಿಮ್ಮ ನೆರವು ಕೋರುತ್ತೇವೆ. ಕುಟುಂಬದವರು ದೊಡ್ಡ ಮಗುವಿನ ಅರ್ಜಿ ಕೊಡಲು ಬಂದಾಗ, ಮನೆಯ ಕೂಸಿನ ವಿಷಯವನ್ನೂ ಸಂಕೋಚವಿಲ್ಲದೆ ನಮಗೆ ತಿಳಿಸಿ.