ಗುರುತಿಲ್ಲದವರು ಹರಿಸಿದ ನೀರು: ತಿರುನೆಲ್ಲಿಯ ಕಲ್ಲುದೋಣಿ

ಕೇರಳದ ವಯನಾಡು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಬ್ರಹ್ಮಗಿರಿ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ತಿರುನೆಲ್ಲಿಯ ಮಹಾವಿಷ್ಣು ದೇವಾಲಯವಿದೆ. ಬೆಟ್ಟದ ಆಚೆ ಮಗ್ಗುಲು ಕೊಡಗು. ತೀರಿಹೋದ ಹಿರಿಯರಿಗೆ ಪಿಂಡ ಬಿಡಲು, ಅಸ್ಥಿ ವಿಸರ್ಜಿಸಲು ಜನ ದೂರದೂರದಿಂದ ಇಲ್ಲಿಗೆ ಬರುವುದರಿಂದ ಕ್ಷೇತ್ರಕ್ಕೆ ದಕ್ಷಿಣ ಕಾಶಿ ಎಂಬ ಹೆಸರೂ ಇದೆ. ಇಲ್ಲಿನ ಕಥೆ, ಕಟ್ಟಡ, ವಿಧಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾತ್ರಿಕನಿಗೆ ತಿರುನೆಲ್ಲಿಯಲ್ಲಿ ಸಿಗುವ ಅನುಗ್ರಹದ ದೊಡ್ಡ ಪಾಲು ಅವನು ಎಂದೂ ಕಾಣದವರ ಕೈಯಿಂದ ಬಂದದ್ದು.

ಸ್ಥಳಪುರಾಣ ಶುರುವಾಗುವುದೇ ಹಸಿವಿನಿಂದ. ಬ್ರಹ್ಮಗಿರಿಯ ಕಾಡಿನಲ್ಲಿ ದಾರಿ ತಪ್ಪಿದ ಮೂವರು ಬ್ರಾಹ್ಮಣರು ಹಸಿದು ಬಳಲಿದ್ದಾಗ, ಕೊಳವೊಂದರ ಬಳಿ ಕಾಯಿ ತುಂಬಿದ ನೆಲ್ಲಿಮರ ಕಣ್ಣಿಗೆ ಬಿತ್ತಂತೆ. ಅದು ಪುಣ್ಯಸ್ಥಳವೆಂದು ಅಶರೀರವಾಣಿ ತಿಳಿಸಿತು, ಅಲ್ಲಿಂದ ಕ್ಷೇತ್ರ ಬೆಳೆಯಿತು ಎಂದು ಕಥೆ ಮುಂದುವರಿಯುತ್ತದೆ. ಬ್ರಹ್ಮನೇ ನೆಲ್ಲಿಮರದಲ್ಲಿ ವಿಷ್ಣುವನ್ನು ಕಂಡು ಪ್ರತಿಷ್ಠೆ ಮಾಡಿದನೆಂಬ ಇನ್ನೊಂದು ಕಥೆಯೂ ಇದೆ. ಪಾಠ ಯಾವುದೇ ಇರಲಿ, ಊರಿಗೆ ಹೆಸರು ಕೊಟ್ಟದ್ದು ಯಾರೂ ನೆಡದ ಒಂದು ಕಾಡುಮರ.

ಪುರಾಣದಿಂದ ಚರಿತ್ರೆಗೆ ಬಂದರೆ, ಕ್ಷೇತ್ರದ ಪ್ರಾಚೀನತೆಗೆ ತಾಮ್ರಶಾಸನಗಳ ಆಧಾರವಿದೆ. ಚೇರ ಅರಸ ಭಾಸ್ಕರ ರವಿವರ್ಮನ ಕಾಲದ ತಿರುನೆಲ್ಲಿ ಶಾಸನಗಳು ದೇವಾಲಯಕ್ಕೆ ಸಂದ ದತ್ತಿಗಳನ್ನು ದಾಖಲಿಸುತ್ತವೆ. ಅಂದರೆ ಸುಮಾರು ಸಾವಿರ ವರ್ಷದ ಹಿಂದೆಯೇ ಈ ಕಾಡಿನ ನಡುವೆ ನಡೆದುಬರುವ ಭಕ್ತರಿದ್ದರು, ದತ್ತಿ ಬಿಡುವ ಒಡೆಯರೂ ಇದ್ದರು.

ಕೊಡಗಿನವರಿಗೆ ತಿರುನೆಲ್ಲಿ ಹೊರಗಿನ ಊರಲ್ಲ. ಕೊಡವರ ಐತಿಹ್ಯದ ಪ್ರಕಾರ ಏಳು ಮಂದಿ ದೈವೀ ಒಡಹುಟ್ಟಿದವರು ಮಲಬಾರಿನ ಕಡೆಯಿಂದ ಬಂದು ಒಬ್ಬೊಬ್ಬರು ಒಂದೊಂದು ಕಡೆ ನೆಲೆಯಾದರು. ಇಗ್ಗುತಪ್ಪ ಕಕ್ಕಬ್ಬೆಯ ಬಳಿ, ಪಾಲೂರಪ್ಪ ಪಾಲೂರಿನಲ್ಲಿ, ಪೆಮ್ಮಯ್ಯ ತಿರುನೆಲ್ಲಿಯಲ್ಲಿ ನಿಂತರು. ಇಲ್ಲಿ ದೇವರೂ ದಾರಿ ನಡೆದು ಬಂದವನೇ. ರಾಜ್ಯದ ಗಡಿ ಬೆಟ್ಟದ ಮೇಲೆ ಹಾದುಹೋದರೂ ಈ ನಂಟು ಹರಿದಿಲ್ಲ.

ರಾಣಿ ಕೇಳಿದ ನೀರು

ದೇವಾಲಯದ ಬಳಿ ಯಾತ್ರಿಕರ ಕಣ್ಣನ್ನು ಮೊದಲು ಸೆಳೆಯುವುದು ಗೋಪುರವಲ್ಲ, ನೀರಿನ ಕಲ್ಲುದೋಣಿ. ಕಗ್ಗಲ್ಲಿನ ಉದ್ದನೆಯ ತುಂಡುಗಳ ನಡುವೆ ಕಾಲುವೆ ಕೊರೆದು, ಅವನ್ನು ಕಲ್ಲಿನ ಕಂಬಗಳ ಮೇಲೆ ತುದಿಗೆ ತುದಿ ಕೂಡಿಸಿ ಸಾಲಾಗಿ ಇಟ್ಟಿದ್ದಾರೆ. ಬೆಟ್ಟದ ಮೇಲಿನ ಒರತೆಯ ನೀರು ಈ ದೋಣಿಯಲ್ಲಿ ಹರಿದು ದೇವಾಲಯ ಸೇರುತ್ತದೆ. ಅಡಿಕೆ ಮರದ ದಂಬೆಯಲ್ಲಿ ತೋಟಕ್ಕೆ ನೀರು ಹಾಯಿಸಿದವರಿಗೆ ಇದರ ತಂತ್ರವನ್ನು ವಿವರಿಸಬೇಕಾಗಿಲ್ಲ. ಎತ್ತುವ ಯಂತ್ರ ಬೇಡ, ಇಳಿಜಾರಷ್ಟೇ ಸಾಕು. ಕಷ್ಟವಿರುವುದು ಆ ಇಳಿಜಾರನ್ನು ಕಾಯ್ದುಕೊಳ್ಳುವುದರಲ್ಲಿ. ನೆಲ ಏರಿಳಿದಂತೆ ಕಂಬದ ಎತ್ತರವನ್ನು ಹೊಂದಿಸಬೇಕು. ಒಂದು ಕಂಬ ಕುಸಿದರೂ ನೀರು ಅಲ್ಲಿಗೇ ನಿಲ್ಲುತ್ತದೆ. ಕಾಡಿನ ತರಗೆಲೆ, ಕೆಸರು ಕಟ್ಟದಂತೆ ಆಗಾಗ ಕೈಯಾಡಿಸಬೇಕು.

ಈ ದೋಣಿ ಹುಟ್ಟಿದ ಬಗೆಯನ್ನು ಊರಿನವರು ಹೀಗೆ ಹೇಳುತ್ತಾರೆ. ಉತ್ತರ ಮಲಬಾರಿನ ಚಿರಕ್ಕಲ್ ಅರಸು ಮನೆತನದ ರಾಣಿಯೊಬ್ಬಳು ದರ್ಶನಕ್ಕೆ ಬಂದಳು. ಬೆಟ್ಟ ಹತ್ತಿದ ದಣಿವಿನಲ್ಲಿ ನೀರು ಕೇಳಿದಾಗ ಸಿಕ್ಕಿದ್ದು ಸ್ವಲ್ಪವೇ. ದೇವಾಲಯಕ್ಕೆ ಬಾವಿ ಇರಲಿಲ್ಲ, ಪೂಜೆಯ ನೀರನ್ನೂ ದೂರದಿಂದ ಹೊತ್ತು ತರಬೇಕಿತ್ತು. ಅರ್ಚಕರ ಪಾಡು ಕೇಳಿದ ರಾಣಿ, ನೀರು ಅಂಗಳಕ್ಕೆ ಬರುವವರೆಗೆ ತಾನು ಅಲ್ಲಿಂದ ಹೊರಡುವುದಿಲ್ಲವೆಂದು ಕೂತಳು. ಜೊತೆಯಲ್ಲಿದ್ದ ಆಳುಗಳು ಕಾಡು ಹೊಕ್ಕು ಒರತೆ ಹುಡುಕಿ, ಬಿದಿರು ಸೀಳಿ ದೋಣಿ ಜೋಡಿಸಿ ನೀರು ತಂದರು. ಬಿದಿರು ಬಾಳುವುದು ಕೆಲವೇ ಕಾಲ. ಆಮೇಲೆ ಅದೇ ಜಾಡಿನಲ್ಲಿ ಕಲ್ಲಿನ ದೋಣಿ ಎದ್ದಿತು.

ಇದು ಐತಿಹ್ಯ, ಶಾಸನವಲ್ಲ. ಆದರೂ ಕಥೆಯಲ್ಲಿ ಗಮನಿಸಬೇಕಾದ ವಿವರವಿದೆ. ರಾಣಿಯ ಬಾಯಾರಿಕೆ ಅಲ್ಲಿ ಸಿಕ್ಕಿದ ನೀರಿನಲ್ಲೇ ತೀರಿರಬಹುದು. ಚಿನ್ನವನ್ನೋ ಭೂಮಿಯನ್ನೋ ಕೊಟ್ಟು ಹೊರಟಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ತನಗಾದ ತೊಂದರೆ ತನ್ನ ಹಿಂದೆ ಬರುವವರಿಗೂ ಇದೆ ಎಂದು ಅವಳಿಗೆ ಹೊಳೆದದ್ದೇ ಕಥೆಯ ಜೀವ. ಆ ನೀರಿನಿಂದ ಕೈಕಾಲು ತೊಳೆದ ಯಾತ್ರಿಕರಲ್ಲಿ ಒಬ್ಬರನ್ನೂ ಅವಳು ಬಲ್ಲವಳಲ್ಲ.

ಅದೇ ದೇವಾಲಯದಲ್ಲಿ ಇನ್ನೊಂದು ದಾನದ ಕಥೆಯೂ ಇದೆ. ಗರ್ಭಗುಡಿಯ ಸುತ್ತ ದೀಪ ಹಚ್ಚುವ ಪೌಳಿ, ಮಲಯಾಳಿಗಳು ವಿಳಕ್ಕುಮಾಡಂ ಎನ್ನುವುದು, ಅರ್ಧಕ್ಕೇ ನಿಂತುಹೋಗಿತ್ತು. ಕೊಡಗಿನ ಅರಸರೊಬ್ಬರು ಅದನ್ನು ಕಟ್ಟಿಸಲು ತೊಡಗಿದ್ದರು, ಕ್ಷೇತ್ರದ ಮೇಲೆ ಹಕ್ಕಿದ್ದ ಮಲಬಾರಿನ ಕೋಟ್ಟಯಂ ಅರಸರ ಒಪ್ಪಿಗೆ ಪಡೆಯದ ಕಾರಣ ಕೆಲಸ ನಿಂತಿತು ಎಂಬ ಪ್ರತೀತಿ ಇದೆ. ಎರಡು ಕಥೆಗಳನ್ನೂ ಜನ ಒಂದೇ ಉಸಿರಿನಲ್ಲಿ ಹೇಳುತ್ತಾ ಬಂದಿದ್ದಾರೆ. ದೊರೆತನದ ಗುರುತಾಗುವ ಕಟ್ಟಡಕ್ಕೆ ಅಡ್ಡಿ ಬಂತು, ನೀರಿಗೆ ಯಾರ ಅಡ್ಡಿಯೂ ಬರಲಿಲ್ಲ.

ಗೊತ್ತಿಲ್ಲದವರಿಗೂ ಒಂದು ಬೊಗಸೆ

ದೇವಾಲಯದಿಂದ ಕಾಡಿನ ಒಳಕ್ಕೆ ಸ್ವಲ್ಪ ನಡೆದರೆ ಪಾಪನಾಶಿನಿ ಎಂಬ ತೊರೆ ಸಿಗುತ್ತದೆ. ದಾರಿಯಲ್ಲಿ ಪಂಚತೀರ್ಥ ಕೊಳ, ಗುಣ್ಣಿಕದ ಶಿವನ ಗುಹಾಲಯ. ತೊರೆಯಲ್ಲಿ ಪಿಂಡ ಬಿಡುವ ಬಂಡೆಗೆ ಪಿಂಡಪ್ಪಾರ ಎನ್ನುತ್ತಾರೆ. ಶ್ರೀರಾಮ ಇಲ್ಲಿ ದಶರಥನಿಗೆ ತರ್ಪಣ ಬಿಟ್ಟನೆಂಬ ನಂಬಿಕೆಯಿದೆ. ಕರ್ಕಾಟಕ ಮಾಸದ ಅಮಾವಾಸ್ಯೆ ಇಲ್ಲಿನ ದೊಡ್ಡ ದಿನ. ಅದು ಜುಲೈ-ಆಗಸ್ಟ್‌ನ ಹೊತ್ತು. ಮಳೆ ಹಿಡಿದುಕೊಂಡು ಹೊಡೆಯುತ್ತಿದ್ದರೂ ಸಾವಿರಾರು ಜನ ತೊರೆಯ ದಡದಲ್ಲಿ ಸಾಲುಗಟ್ಟುತ್ತಾರೆ. ಉಳಿದ ದಿನಗಳಲ್ಲೂ ಕರ್ಮ ಮಾಡಿಸುವವರು ಬರುತ್ತಲೇ ಇರುತ್ತಾರೆ.

ತರ್ಪಣ ಎಂದರೆ ತಂದೆ, ತಾತ, ಮುತ್ತಾತನಿಗೆ ಎಳ್ಳುನೀರು ಬಿಡುವುದು ಎಂದಷ್ಟೇ ಹಲವರ ತಿಳಿವಳಿಕೆ. ಶ್ರಾದ್ಧ ವಿಧಿಗೆ ಅದಕ್ಕಿಂತ ಹರಹು ಹೆಚ್ಚು. ತಂದೆ ತಾಯಿ, ಬಂಧು ಬಳಗ ಯಾರೂ ಇಲ್ಲದೆ ಸತ್ತವರಿಗೆ, ಹೆಸರು ಗೋತ್ರ ತಿಳಿಯದವರಿಗೆ ಎಂದು ಕೊನೆಯಲ್ಲಿ ನೀರನ್ನೋ ಪಿಂಡವನ್ನೋ ಬಿಡುವ ಪದ್ಧತಿಯಿದೆ. ಗಯೆಯ ಶ್ರಾದ್ಧದಲ್ಲೂ ಮಹಾಲಯದಲ್ಲೂ ಈ ಧರ್ಮಪಿಂಡಕ್ಕೆ ಸ್ಥಾನವುಂಟು. ಸ್ವಂತ ದುಃಖ ಹೊತ್ತು ಬಂದವನ ಕೈಯಿಂದ, ಪ್ರತಿಯಾಗಿ ಏನನ್ನೂ ಕೊಡಲಾಗದ ಅಪರಿಚಿತನಿಗೂ ಒಂದು ಬೊಗಸೆ ನೀರು ಸಲ್ಲುತ್ತದೆ. ಕಲ್ಲುದೋಣಿ ಬದುಕಿರುವವರಿಗೆ ಮಾಡುವುದನ್ನೇ ಈ ವಿಧಿ ಸತ್ತವರಿಗೆ ಮಾಡುತ್ತದೆ.

ದಯೆಯ ಗಡಿ

ಈ ಔದಾರ್ಯಕ್ಕೆ ಬೇಲಿಯೂ ಇತ್ತು ಎಂಬುದನ್ನು ಮರೆಯುವಂತಿಲ್ಲ. 2011ರ ಜನಗಣತಿಯಂತೆ ವಯನಾಡಿನ ಜನಸಂಖ್ಯೆಯಲ್ಲಿ ಶೇ. 18.5ರಷ್ಟು ಮಂದಿ ಪರಿಶಿಷ್ಟ ಪಂಗಡದವರು. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರು, ಕೊಡಗಿನಲ್ಲಿ ರವುಲ ಅಥವಾ ಯರವರೆಂದು ಕರೆಸಿಕೊಳ್ಳುವ ಅಡಿಯರು, ಪಣಿಯರು ಈ ಕಾಡು ಗದ್ದೆಗಳಲ್ಲಿ ತಲೆತಲಾಂತರದಿಂದ ಬಾಳಿದವರು. ಮಾನಂದವಾಡಿ ಬಳಿಯ ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ, ದೇವಿಯ ಸನ್ನಿಧಿಯಲ್ಲೇ ಜಮೀನ್ದಾರರು ಅಡಿಯ, ಪಣಿಯ ಆಳುಗಳನ್ನು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಇಂಥ ದುಡಿಮೆಯನ್ನು ತಡೆಯುವ ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಹಿಂದೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಮಲಬಾರಿನಲ್ಲಿ ಎಲ್ಲ ಜಾತಿಯವರಿಗೂ ದೇವಾಲಯದ ಬಾಗಿಲು ಕಾನೂನಿನ ಬಲದಿಂದ ತೆರೆದದ್ದು 1947ರ ದೇವಾಲಯ ಪ್ರವೇಶ ಕಾಯ್ದೆಯ ನಂತರ. ದೂರದ ಯಾತ್ರಿಕನಿಗೆ ನೀರು ಒದಗಿಸಿದ ವ್ಯವಸ್ಥೆ ಪಕ್ಕದ ಗದ್ದೆಯವನನ್ನು ಬಹುಕಾಲ ಹೊರಗೇ ನಿಲ್ಲಿಸಿತ್ತು. ಪಿ. ವತ್ಸಲಾ ಅವರ ‘ನೆಲ್ಲ್’ ಕಾದಂಬರಿ ಮಲಯಾಳಿ ಓದುಗರ ಮುಂದೆ ಇಟ್ಟದ್ದು ತಿರುನೆಲ್ಲಿ ಸೀಮೆಯ ಇಂಥ ಜನರ ಬದುಕನ್ನೇ.

ಹೊಳೆಯ ಕೆಳಗಿನವರು

ಇಂದು ತಿರುನೆಲ್ಲಿಗೆ ಬಸ್ಸು ಹೋಗುತ್ತದೆ. ಕೊಡಗಿನ ಕುಟ್ಟದಿಂದ ಹೊರಟರೆ ತೋಲ್ಪೆಟ್ಟಿಯ ಕಾಡು ದಾಟಿ, ಉಣ್ಣಿಯಪ್ಪವೆಂಬ ಸಿಹಿತಿಂಡಿಗೆ ಹೆಸರಾದ ತೆಟ್ಟ್‌ರೋಡ್ ಕವಲಿನಲ್ಲಿ ತಿರುಗಬೇಕು. ಆನೆ ಓಡಾಡುವ ದಾರಿಯಾದ್ದರಿಂದ ಹಗಲು ಹೊತ್ತಿನಲ್ಲೇ ತಲುಪುವುದು ಒಳ್ಳೆಯದು. ವಾಹನ ಕೆಟ್ಟು ನಿಂತವರಿಗೆ, ಕೊನೆಯ ಬಸ್ಸು ತಪ್ಪಿಸಿಕೊಂಡವರಿಗೆ ಇಂಥ ದಾರಿಯಲ್ಲಿ ಆಸರೆಯಾಗುವುದು ಈಗಲೂ ಎದುರು ಬರುವ ಅಪರಿಚಿತರೇ.

ಪಾಪನಾಶಿನಿಯ ನೀರು ಕಾಡಿನಲ್ಲಿ ಇಂಗಿಹೋಗುವುದಿಲ್ಲ. ಅದು ಕಾಳಿಂದಿ ಹೊಳೆ ಸೇರಿ, ಕಾಳಿಂದಿಯ ಮೂಲಕ ಕಬಿನಿಗೆ ಬರುತ್ತದೆ. ಕಬಿನಿ ಪೂರ್ವಕ್ಕೆ ಹರಿದು ಕರ್ನಾಟಕ ಹೊಕ್ಕು, ಎಚ್.ಡಿ. ಕೋಟೆ ತಾಲ್ಲೂಕಿನ ಅಣೆಕಟ್ಟೆಯಲ್ಲಿ ತಂಗಿ, ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಂಗಳೂರಿಗೆ ಕುಡಿಯಲು ಕಾವೇರಿ ನೀರನ್ನು ಎತ್ತುವುದು ಆ ಸಂಗಮದಿಂದ ಕೆಳಗೆ. ಹೀಗಾಗಿ ತಿರುನೆಲ್ಲಿಯ ಬಂಡೆಯ ಮೇಲೆ ಬಿಟ್ಟ ನೀರು ನಂಜನಗೂಡಿನ ರೈತನ ಗದ್ದೆಗೂ ರಾಜಧಾನಿಯ ನಲ್ಲಿಗೂ ದೂರದ ನಂಟಿರುವ ನೀರು.

ಆದ್ದರಿಂದ ಅಲ್ಲಿಗೆ ಹೋಗುವ ಕನ್ನಡಿಗರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಉಟ್ಟ ಬಟ್ಟೆಯನ್ನು ತೊರೆಗೆ ಎಸೆಯುವುದು, ಪ್ಲಾಸ್ಟಿಕ್ ಚೀಲದ ಸಮೇತ ಪೂಜಾಸಾಮಗ್ರಿ ಬಿಡುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಎಳ್ಳು, ಅಕ್ಕಿ, ದರ್ಭೆ, ನೀರು ಇಷ್ಟರಲ್ಲೇ ಕರ್ಮ ಮುಗಿಯುತ್ತದೆ. ರಾಣಿ ಹಿಂದೆ ಬರುವವರನ್ನು ನೆನೆದಳು, ಇಂದಿನ ಯಾತ್ರಿಕ ಹೊಳೆಯ ಕೆಳಗಿರುವವರನ್ನು ನೆನೆಯಲಿ. ತೊರೆಯನ್ನು ಬಂದಾಗ ಇದ್ದಷ್ಟೇ ತಿಳಿಯಾಗಿ ಬಿಟ್ಟು ಬರುವುದು ಅವನಿಂದ ಆಗಬೇಕಾದ ದೊಡ್ಡ ದಾನ.