ಬಳ್ಳಿ ಸುತ್ತಿದರೆ ಹೆದರಬೇಡಿ, ಜಾರಿದರೆ ತಡಮಾಡಬೇಡಿ

ಸ್ಕ್ಯಾನಿಂಗ್ ವರದಿಯಲ್ಲಿ ‘ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ’ ಎಂದಿದ್ದರೆ ಮನೆಮಂದಿಯ ನಿದ್ದೆ ಹಾರಿಹೋಗುತ್ತದೆ. ಬಸುರಿ ಕೈಯೆತ್ತಿ ಬಟ್ಟೆ ಒಣಹಾಕಿದ್ದರಿಂದಲೇ ಹೀಗಾಯಿತು ಎನ್ನುವವರೂ ಇದ್ದಾರೆ. ಆ ಮಾತು ಸುಳ್ಳು, ಅವಳಿಗೆ ಮಾಡುವ ಅನ್ಯಾಯ ಕೂಡ. ಬಳ್ಳಿ ಸುಮಾರು 50–60 ಸೆಂ.ಮೀ. ಉದ್ದ ಇರುತ್ತದೆ. ನೀರಿನಲ್ಲಿ ಹೊರಳಾಡುವ ಮಗು ತಾನೇ ಅದನ್ನು ಸುತ್ತಿಕೊಳ್ಳುತ್ತದೆ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಇದನ್ನು ಕಾಣಬಹುದು. ಹೊಟ್ಟೆಯಲ್ಲಿರುವ ಮಗು ಕೊರಳಿಂದ ಉಸಿರಾಡುವುದಿಲ್ಲ, ಆಮ್ಲಜನಕ ಬರುವುದು ಬಳ್ಳಿಯ ರಕ್ತನಾಳದಿಂದ. ನಾಳಗಳ ಸುತ್ತ ಲೋಳೆಯಂಥ ಮೆತ್ತನೆಯ ಪದರ ಇರುವುದರಿಂದ ಅವು ಸುಲಭಕ್ಕೆ ಅದುಮಿಕೊಳ್ಳುವುದಿಲ್ಲ. ಹೆರಿಗೆಯಲ್ಲಿ ತಲೆ ಹೊರಬಂದ ಮೇಲೆ ಸಡಿಲವಾದ ಸುತ್ತನ್ನು ಬೆರಳಿಂದಲೇ ಸರಿಸುತ್ತಾರೆ.

ನಿಜಕ್ಕೂ ಭಯಪಡಬೇಕಾದದ್ದು ನೀರು ಹೋದ ಮೇಲೆ ಬಳ್ಳಿ ಮಗುವಿಗಿಂತ ಮುಂಚೆ ಕೆಳಗೆ ಜಾರಿದಾಗ. ಸಾವಿರ ಹೆರಿಗೆಗೆ ಒಂದರಿಂದ ಆರರಲ್ಲಿ ಮಾತ್ರ ಹೀಗಾಗುತ್ತದೆ, ಆದರೆ ಆಗ ನಿಮಿಷಗಳೇ ಲೆಕ್ಕ. ಮಗುವಿನ ತಲೆ ಬಳ್ಳಿಯನ್ನು ಅದುಮಿ ರಕ್ತ ನಿಲ್ಲಿಸಬಹುದು. ಮಗು ಅಡ್ಡ ಮಲಗಿದ್ದರೆ, ಕಾಲು ಕೆಳಗಿದ್ದರೆ, ನೀರು ಹೆಚ್ಚಿದ್ದರೆ, ಅವಧಿಗೆ ಮುಂಚೆ ಹೆರಿಗೆಯಾದರೆ, ಅವಳಿಯಲ್ಲಿ ಎರಡನೆಯ ಮಗುವಾದರೆ ಈ ಅಪಾಯ ಹೆಚ್ಚು. ಎಲ್ಲದರ ಹಿಂದೆ ಒಂದೇ ಕಾರಣ: ತಲೆ ಬಂದು ಕೆಳದಾರಿಯನ್ನು ಮುಚ್ಚಿಲ್ಲ, ಬಳ್ಳಿ ಜಾರಲು ಜಾಗವಿದೆ.

ನಿಮಿಷಗಳೇ ಲೆಕ್ಕವಾದಾಗ ಆಸ್ಪತ್ರೆಯ ದೂರವೂ ಮುಖ್ಯ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆ ಸುಮಾರು 30–40 ಕಿ.ಮೀ. ದೂರ. ಒಳಹಳ್ಳಿಯಿಂದ ಇನ್ನೂ ದೂರ. ತುರ್ತು ಸಿಸೇರಿಯನ್‌ಗೆ ಹೆರಿಗೆ ತಜ್ಞರ ಜೊತೆ ಅರಿವಳಿಕೆ ವೈದ್ಯರೂ ಆ ಹೊತ್ತಿಗೆ ಸಿಗಬೇಕು. ಅದಕ್ಕೇ 36 ವಾರ ದಾಟಿದ ಮೇಲೆ ತಾಯಿ ಕಾರ್ಡ್ ಹಿಡಿದು ಹೋದಾಗ ‘ತಲೆ ಕೆಳಗಿದೆಯಾ?’ ಎಂದು ಕೇಳಲೇಬೇಕು. ಮಗು ಅಡ್ಡ ಇದ್ದರೆ 37 ವಾರದ ನಂತರ ಆಸ್ಪತ್ರೆಯಲ್ಲೇ ಇರುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ. ದೂರದ ಹಳ್ಳಿಯವರಂತೂ ಅದನ್ನು ಮೀರಬಾರದು.

ಮನೆಯಲ್ಲೇ ನೀರು ಹೋಗಿ ಬಳ್ಳಿ ಕಂಡರೆ 108ಕ್ಕೆ ಕರೆ ಮಾಡಿ. ಅದನ್ನು ಒಳಗೆ ತಳ್ಳಬೇಡಿ, ಮತ್ತೆ ಮತ್ತೆ ಮುಟ್ಟಬೇಡಿ. ಮುಟ್ಟಿದರೆ, ತಣ್ಣಗಾದರೆ ನಾಳ ಸೆಡೆದುಕೊಳ್ಳುತ್ತದೆ. ಆಂಬುಲೆನ್ಸ್ ಬರುವ ತನಕ ತಾಯಿ ಮಂಡಿಯೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿರಲಿ. ಆಂಬುಲೆನ್ಸ್‌ನಲ್ಲಿ ಎಡಮಗ್ಗುಲಾಗಿ, ಸೊಂಟದಡಿ ದಿಂಬಿಟ್ಟು ಮಲಗಿಸುತ್ತಾರೆ. ಆಸ್ಪತ್ರೆಯಲ್ಲಿ ಸಿಸೇರಿಯನ್‌ಗೆ ಸಿದ್ಧವಾಗುವವರೆಗೆ ಒಬ್ಬರು ಕೈಯನ್ನು ಒಳಗಿಟ್ಟು ಮಗುವಿನ ತಲೆಯನ್ನು ಮೇಲೆತ್ತಿ ಹಿಡಿದಿರುತ್ತಾರೆ. ತಡವಾಗುವಂತಿದ್ದರೆ ಕೊಳವೆಯಿಂದ ಮೂತ್ರಕೋಶಕ್ಕೆ ಅರ್ಧ ಲೀಟರಿನಷ್ಟು ಸಲೈನ್ ತುಂಬುತ್ತಾರೆ. ಮೂತ್ರಕೋಶ ಉಬ್ಬಿ ತಲೆಯನ್ನು ಮೇಲಕ್ಕೆ ತಳ್ಳುತ್ತದೆ, ಬಳ್ಳಿಯಲ್ಲಿ ರಕ್ತ ಹರಿಯುತ್ತಿರುತ್ತದೆ.