ಹಿರಿಯರ ಮನೆಗೆ ಹಸಿರಿನ ಆಸರೆ

ಊರಿನ ಹಂಚಿನ ಮನೆಗೆ ಬೀಗ ಹಾಕಿ, ಬೆಂಗಳೂರಿನಲ್ಲಿ ಹಿರಿಯರಿಗೆಂದೇ ಕಟ್ಟಿದ ಅಪಾರ್ಟ್‌ಮೆಂಟಿಗೆ ಬಂದು ನೆಲೆಸುವ ದಂಪತಿಗಳು ಈಗ ಅಪರೂಪವಲ್ಲ. ಲಿಫ್ಟ್ ಇದೆ, ಗಂಟೆ ಒತ್ತಿದರೆ ದಾದಿ ಬರುತ್ತಾರೆ, ಊಟದ ಚಿಂತೆಯಿಲ್ಲ. ಆದರೂ ಕೆಲವು ತಿಂಗಳಲ್ಲೇ 'ನಿದ್ದೆ ಬರುವುದಿಲ್ಲ, ಹಸಿವಿಲ್ಲ, ಹೊತ್ತೇ ಹೋಗುವುದಿಲ್ಲ' ಎಂಬ ದೂರು ಶುರುವಾಗುವುದುಂಟು. ಇಂಥ ದೂರಿಗೆ ಮೊದಲು ವೈದ್ಯರಿಂದ ತಪಾಸಣೆ ಆಗಲೇಬೇಕು. ಖಿನ್ನತೆ, ಥೈರಾಯ್ಡ್ ತೊಂದರೆಗಳೂ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಆದರೆ ಅಂಗಳ, ತುಳಸಿಕಟ್ಟೆ, ಹಿತ್ತಲ ಸೊಪ್ಪಿನ ಮಡಿ ಇವೆಲ್ಲ ಒಂದೇ ದಿನ ಕೈತಪ್ಪಿದ್ದು ಮಾತ್ರ ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

ಅಮೆರಿಕದ ರೋಜರ್ ಅಲ್ರಿಚ್ ಅವರು ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ದಾಖಲೆಗಳನ್ನು ಪರಿಶೀಲಿಸಿ 1984ರಲ್ಲಿ ವರದಿ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಮರಳಿದ್ದರು. ಅವರಿಗೆ ಪ್ರಬಲವಾದ ನೋವುನಿವಾರಕಗಳೂ ಕಡಿಮೆ ಸಾಕಾಗಿದ್ದವು.

ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅವರ 1976ರ ಅಧ್ಯಯನ ಇನ್ನೂ ಮುಖ್ಯವಾದುದು. ವೃದ್ಧರ ಶುಶ್ರೂಷಾಲಯವೊಂದರಲ್ಲಿ ಒಂದು ಗುಂಪಿಗೆ 'ನಿಮ್ಮ ದಿನಚರಿ ನೀವೇ ನಿರ್ಧರಿಸಿ' ಎಂದು ಹೇಳಿ, ತಾವೇ ಸಾಕಲು ಒಂದೊಂದು ಗಿಡ ಕೊಟ್ಟರು. ಇನ್ನೊಂದು ಗುಂಪಿಗೂ ಗಿಡ ಸಿಕ್ಕಿತು, ಆದರೆ ನೀರೆರೆಯುವುದು ದಾದಿಯರ ಕೆಲಸವಾಗಿತ್ತು. ಮೂರು ವಾರಗಳ ನಂತರ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಗೆಲುವಾಗಿ ಇದ್ದರು. ಇದು ಸಣ್ಣ ಅಧ್ಯಯನ. ಫಲ ಬರೀ ಗಿಡದ್ದೂ ಅಲ್ಲ. ಆದರೂ ನೋಡುವ ಗಿಡಕ್ಕಿಂತ ಸಾಕುವ ಗಿಡ ಮೇಲು ಎಂಬುದನ್ನು ಇದರಿಂದ ಊಹಿಸಬಹುದು.

ಬೆಳಕಿಗೆ ಮೊದಲ ಸ್ಥಾನ

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ, ಒಳಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ದೇಹದ ಗಡಿಯಾರ ಸರಿಯಾಗಿ ನಡೆಯಲು, ಅಂದರೆ ರಾತ್ರಿ ನಿದ್ದೆ ಬರಲು, ಹಗಲಿನ ಬೆಳಕು ಬೇಕೇ ಬೇಕು. ಆದ್ದರಿಂದ ದಪ್ಪ ಪರದೆಗಳನ್ನು ತೆಗೆದು, ಪೂರ್ವದ ಕಿಟಕಿಯ ಬಳಿ ಕೈಯಾಸರೆ ಇರುವ ಗಟ್ಟಿಯಾದ ಬೆತ್ತದ ಕುರ್ಚಿಯೊಂದನ್ನು ಹಾಕಿ. ಗಾಜು ಮುಚ್ಚಿದ ಕಿಟಕಿಯ ಬಿಸಿಲಿನಿಂದ ವಿಟಮಿನ್ 'ಡಿ' ಸಿಗುವುದಿಲ್ಲ. ಅದಕ್ಕೆ ಬಾಲ್ಕನಿಗೇ ಬರಬೇಕು.

ಯಾವ ಗಿಡ, ಎಲ್ಲಿ?

ಬಿಸಿಲು ಬೀಳುವ ಬಾಲ್ಕನಿಗೆ ತುಳಸಿ, ಮಲ್ಲಿಗೆ. ಅರೆನೆರಳಿಗೆ ಪುದೀನ, ಒಂದೆಲಗ. ದೊಡ್ಡಪತ್ರೆಯ ಕಡ್ಡಿ ಊರಿದರೂ ಚಿಗುರುತ್ತದೆ, ಹೊಸದಾಗಿ ಕೈಹಾಕಿದವರಿಗೆ ಅದೇ ಧೈರ್ಯ. ದೃಷ್ಟಿ ಮಂದವಾದವರಿಗೆ ಮುಟ್ಟಿದರೆ ಪರಿಮಳ ಬೀರುವ ಮರುಗ, ದವನ ಹಿತ. ಕುಂಡಗಳು ನೆಲದ ಮೇಲಲ್ಲ, ಸೊಂಟದೆತ್ತರದ ಗಟ್ಟಿ ಸ್ಟ್ಯಾಂಡಿನ ಮೇಲಿರಲಿ. ಬಗ್ಗಿ ಏಳುವಾಗ ತಲೆಸುತ್ತು ಬಂದು ಬೀಳುವ ಭಯ ಆಗ ಇರದು. ಸಿಮೆಂಟ್ ಕುಂಡಕ್ಕಿಂತ ಹಗುರವಾದ ಕುಂಡ, ಬಕೆಟ್ಟಿಗಿಂತ ಅರ್ಧ ಲೀಟರಿನ ಚೊಂಬು ಲೇಸು.

ಗಿಡಗಳು ಮನೆಯ ಗಾಳಿಯನ್ನು ಶುದ್ಧಮಾಡುತ್ತವೆ ಎಂಬ ಮಾತನ್ನು ಮಾತ್ರ ಹೆಚ್ಚು ನಂಬಬೇಡಿ. 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ವಾಸದ ಮನೆಯಲ್ಲಿ ನಾಲ್ಕಾರು ಕುಂಡಗಳಿಗಿಂತ ತೆರೆದ ಕಿಟಕಿಯೇ ಹೆಚ್ಚು ಕೆಲಸ ಮಾಡುತ್ತದೆ.

ಎಚ್ಚರಿಕೆಗಳು

* ಕುಂಡದ ಕೆಳಗಿನ ತಟ್ಟೆ ಮತ್ತು ಮನಿಪ್ಲಾಂಟ್ ಬಾಟಲಿಯ ನೀರಿನಲ್ಲಿ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ, ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಿರಿ.
* ಎಲೆಯ ಮೇಲೆ ಬಿಳಿ ಮಚ್ಚೆಗಳಿರುವ ಡೀಫನ್‌ಬಾಕಿಯಾ ಗಿಡವನ್ನು ಅಗಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತದೆ. ಮರೆಗುಳಿತನ ಇರುವವರ ಅಥವಾ ಮೊಮ್ಮಕ್ಕಳು ಬರುವ ಮನೆಯಲ್ಲಿ ಅದು ಬೇಡ.
* ಮಧುಮೇಹಿಗಳು ಕೈಗವಸು ಇಲ್ಲದೆ ಮಣ್ಣು ಕೆದಕಬಾರದು. ಗಾಯವಾದರೆ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.
* ಜಾರುವ ಚಾಪೆ, ಓಡಾಡುವ ದಾರಿಯಲ್ಲಿ ಕುಂಡ, ನೆಲದ ಮೇಲೆ ಚೆಲ್ಲಿದ ನೀರು ಬೇಡ. ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯಲಾಗದವರು ಹಲವರು.
* ಬಾಲ್ಕನಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕಬೇಡಿ. ಅವುಗಳ ಹಿಕ್ಕೆ ಮತ್ತು ಗರಿಯ ದೂಳಿನಿಂದ ಕೆಲವರಿಗೆ ಶ್ವಾಸಕೋಶದ ಅಲರ್ಜಿ ಕಾಯಿಲೆ ಬರುತ್ತದೆ.

ಕೊನೆಯದಾಗಿ, ಮಕ್ಕಳಿಗೊಂದು ಮಾತು. ನರ್ಸರಿಯಿಂದ ಹತ್ತು ಕುಂಡ ತಂದಿಟ್ಟು, ಮಾಲಿಗೆ ವಹಿಸಿ ಹೋದರೆ ಮನೆ ಚೆನ್ನಾಗಿ ಕಾಣಬಹುದು, ಅಷ್ಟೆ. ಒಂದೇ ಕುಂಡ ತನ್ನಿ. ಯಾವ ಗಿಡ ಬೇಕೆಂದು ಅಪ್ಪ ಅಮ್ಮನನ್ನೇ ಕೇಳಿ. ನೀರೆರೆಯುವ ಕೆಲಸವನ್ನು ಅವರಿಗೇ ಬಿಡಿ. ಒಂದು ಗಿಡ ಒಣಗಿದರೂ ಚಿಂತೆಯಿಲ್ಲ, ಇನ್ನೊಂದನ್ನು ನೆಡಬಹುದು. ಬೆಳಿಗ್ಗೆ ಏಳಲು ಒಂದು ಕಾರಣವಿರುವುದು ಈ ವಯಸ್ಸಿನಲ್ಲಿ ಸಣ್ಣ ವಿಷಯವಲ್ಲ.